ಇದು ಯಾರ ಕೈ? ಹಳೆ ಅಮೆರಿಕನ್ ಲಾಂಗ್‌ರೈಫಲ್ ಮಾಡಿದವರ ಗುರುತು ಹಿಡಿಯುವ ಬಗೆ

ಬೀದರಿನ ಚೌಬಾರಾ ಹತ್ತಿರ ನಮ್ಮ ಮನೆ. ಇಪ್ಪತ್ತೇಳು ವರ್ಷದಿಂದ ಬಿದ್ರಿ ಕೆತ್ತನೆ ಮಾಡುತ್ತಿದ್ದೇನೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ, ತಟ್ಟೆ, ಡಬ್ಬಿಗಳು ನನ್ನ ಕೈಗೆ ಬರುತ್ತವೆ. ಮೈಲುತುತ್ತದ ನೀರು ಬಳಿದು ಮೈ ಕಪ್ಪು ಮಾಡಿಕೊಂಡು, ಮೇಲೆ ಚಿತ್ರ ಬರೆದು, ಉಳಿಯಿಂದ ಕೆತ್ತಿ, ಬೆಳ್ಳಿ ತಂತಿ ಕೂರಿಸುತ್ತೇನೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಇಂಥ ಕೆಲಸದವಳು ಅಮೆರಿಕದ ಬಂದೂಕಿನ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣ ನನ್ನ ತಂಗಿಯ ಮಗ. ಅವನು ಪೆನ್ಸಿಲ್ವೇನಿಯಾದಲ್ಲಿ ಕೆಲಸದಲ್ಲಿದ್ದಾನೆ. ನಾಲ್ಕು ವರ್ಷದ ಹಿಂದೆ ಪಕ್ಕದ ಮನೆಯ ಹಿರಿಯರ ಹತ್ತಿರ ಇದ್ದ ಹಳೆ ಬಂದೂಕಿನ ಫೋಟೋ ಕಳಿಸಿದ. ಮರದ ಮೇಲೆ ಎಂಟು ಮೂಲೆಯ ಬೆಳ್ಳಿ ನಕ್ಷತ್ರ, ಪಕ್ಕದಲ್ಲಿ ಹಿತ್ತಾಳೆಯ ಕೆತ್ತನೆ. "ದೊಡ್ಡವ್ವಾ, ನಿನ್ನ ಕೆಲಸದಂಗ ಅದ ನೋಡು. ಇದನ್ನ ಯಾರು ಮಾಡಿರಬಹುದು?" ಅಂತ ಕೇಳಿದ. ಅವತ್ತಿನಿಂದ ಇವತ್ತಿನವರೆಗೆ ನೂರಾರು ಬಂದೂಕುಗಳ ಫೋಟೋ ನೋಡಿದ್ದೇನೆ. ಮೊದಲನೆಯದರಲ್ಲೇ ಒಂದು ತಪ್ಪು ಮಾಡಿದೆ. ಅದನ್ನು ಮುಂದೆ ಹೇಳುತ್ತೇನೆ, ಯಾಕಂದರೆ ನಾನು ಕಲಿತದ್ದೆಲ್ಲ ಆ ತಪ್ಪಿನಿಂದಲೇ.

ಮೊದಲು ಈ ಲಾಂಗ್‌ರೈಫಲ್ ಎಂಥ ಬಂದೂಕು ಅಂತ ತಿಳಿದಿರಲಿ. ಹದಿನೆಂಟನೇ ಶತಮಾನದಲ್ಲಿ ಜರ್ಮನಿ ಮತ್ತು ಸುತ್ತಲಿನ ಸೀಮೆಗಳಿಂದ ಪೆನ್ಸಿಲ್ವೇನಿಯಾಕ್ಕೆ ಬಂದ ಕಸುಬುದಾರರು ತಮ್ಮೂರಿನ ಗಿಡ್ಡ, ದಪ್ಪ ಬೇಟೆ ಬಂದೂಕನ್ನು ಅಲ್ಲಿನ ಕಾಡಿಗೆ ತಕ್ಕಂತೆ ಬದಲಿಸಿದರು. ನಳಿಗೆ ಉದ್ದವಾಯಿತು, ಎಷ್ಟೋ ಬಂದೂಕುಗಳಲ್ಲಿ 42ರಿಂದ 46 ಇಂಚು. ಗುಂಡು ಸಣ್ಣದಾಯಿತು. ಅದರಿಂದ ಸೀಸವೂ ಮದ್ದೂ ಉಳಿಯಿತು. ಹುಲಿ ಪಟ್ಟೆಯ ಹಾಗೆ ಕಾಣುವ ಮೇಪಲ್ ಮರದಲ್ಲಿ ಹಿಡಿ, ಎಂಟು ಮುಖದ ನಳಿಗೆ, ಚಕಮಕಿ ಕಲ್ಲಿನ ಕಿಡಿ. ಸುಮಾರು 1780ರಿಂದ 1820ರವರೆಗೆ ಮಾಡಿದವುಗಳಲ್ಲಿ ಅಲಂಕಾರ ಜಾಸ್ತಿ. ಅವನ್ನೇ ಜನ ಈಗ ಹುಡುಕಿಕೊಂಡು ಹೋಗುತ್ತಾರೆ.

ನೋಡೋಕೆ ಕೂರುವ ಮುಂಚೆ ಒಂದು ಕೆಲಸ. ಬಂದೂಕು ತುಂಬಿದೆಯಾ, ಖಾಲಿ ಇದೆಯಾ ಅಂತ ಪರೀಕ್ಷೆ ಮಾಡಲೇಬೇಕು. ಇನ್ನೂರು ವರ್ಷ ಹಳೆಯದು, ಒಳಗೇನಿರುತ್ತೆ ಅನ್ನಬೇಡಿ. ಒಣಗಿದ ಕರಿಮದ್ದು ಎಷ್ಟು ವರ್ಷ ಆದರೂ ಕಿಡಿ ತಾಗಿದರೆ ಹೊತ್ತುತ್ತದೆ. ಬಾಯಿ ಯಾರ ಕಡೆಗೂ ಇರಬಾರದು. ಒಂದು ಮರದ ಕಡ್ಡಿಯನ್ನು ನಳಿಗೆಯ ತಳ ಮುಟ್ಟುವವರೆಗೆ ಮೆಲ್ಲಗೆ ಬಿಡಿ. ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಹೊರಗೆ ತೆಗೆದು ಅದೇ ಅಳತೆಗೆ ನಳಿಗೆಯ ಮೇಲೆ ಇಟ್ಟು ನೋಡಿ. ಕಡ್ಡಿಯ ತುದಿ ಕಿಡಿ ಒಳಗೆ ಹೋಗುವ ಸಣ್ಣ ತೂತಿನವರೆಗೆ ಬಂದರೆ ಸರಿ. ಒಂದೆರಡು ಇಂಚು ಮುಂಚೆಯೇ ನಿಂತರೆ ಒಳಗೆ ಏನೋ ಇದೆ ಅಂತಲೇ ತಿಳಿಯಿರಿ. ಕೆಳಗಿಟ್ಟು, ಗೊತ್ತಿರುವವರನ್ನು ಕರೆಯಿರಿ. ನಮ್ಮ ದೇಶದಲ್ಲಿ ಯಾರ ಮನೆಯಲ್ಲಾದರೂ ಹಳೆ ಬಂದೂಕು ಸಿಕ್ಕರೆ ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಿ, ಆಮೇಲೆ ಉಳಿದ ಮಾತು.

ಇನ್ನೊಂದು: ತಿಕ್ಕಬೇಡಿ. ಹಿತ್ತಾಳೆ ಹೊಳೆಯಲಿ ಅಂತ ಹುಣಸೆಹಣ್ಣು, ಬ್ರಾಸೊ ಯಾವುದೂ ಬೇಡ. ಕಪ್ಪಗೆ ಕೂತ ಆ ಕಿಲುಬು ಕೊಳೆಯಲ್ಲ, ಅದು ವಯಸ್ಸಿನ ಸಾಕ್ಷಿ. ಉಳಿ ಆಡಿದ ಗೆರೆಯ ಅಂಚು ಒಂದು ಸಲ ಸವೆದರೆ ಮತ್ತೆ ಬರುವುದಿಲ್ಲ. ಚೆನ್ನಾಗಿ ಕಾಣಲಿ ಅಂತ ತಿಕ್ಕಿ ತಿಕ್ಕಿ ಹಾಳು ಮಾಡಿದ ಬಿದ್ರಿ ಸಾಮಾನು ನಮ್ಮಲ್ಲಿಗೆ ರಿಪೇರಿಗೆ ಬಂದಾಗ ನಿಜಕ್ಕೂ ಸಂಕಟ ಆಗುತ್ತದೆ.

ಈಗ ಮುಖ್ಯ ವಿಷಯ. ಎಲ್ಲರೂ ಮೊದಲು ಹೆಸರು ಹುಡುಕುತ್ತಾರೆ. ನಾನು ಹೇಳುವುದು, ಹೆಸರನ್ನು ಕೊನೆಗೆ ಓದಿ.

ಯಾಕೆ ಅಂದರೆ ಬಂದೂಕಿನ ಎಲ್ಲ ಭಾಗವನ್ನೂ ಒಬ್ಬನೇ ಮಾಡುತ್ತಿರಲಿಲ್ಲ. ಕಲ್ಲು ಕಚ್ಚಿಕೊಂಡು ಬಡಿಯುವ ಕುದುರೆ, ಅದರ ಸ್ಪ್ರಿಂಗ್, ಅವು ಕೂತ ಪಟ್ಟಿ, ಎಲ್ಲ ಸೇರಿ ಲಾಕ್ ಅನ್ನುತ್ತಾರೆ. ಇದನ್ನು ಎಷ್ಟೋ ಜನ ಅಂಗಡಿಯಿಂದ ತರುತ್ತಿದ್ದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹಡಗಿನಲ್ಲಿ ರಾಶಿ ರಾಶಿ ಬರುತ್ತಿತ್ತು. ಲಾಕ್ ಮೇಲೆ 'ಕೆಟ್‌ಲ್ಯಾಂಡ್' ಅಂತಿದ್ದರೆ ಅದು ಲಾಕ್ ಮಾರಿದ ಮನೆತನದ ಹೆಸರು, ಬಂದೂಕು ಮಾಡಿದವನದ್ದಲ್ಲ. ನನ್ನ ತಂಗಿ ಮಗನ ಪಕ್ಕದ ಮನೆಯವರು ನಲವತ್ತು ವರ್ಷ ತಮ್ಮದು ಕೆಟ್‌ಲ್ಯಾಂಡ್ ಬಂದೂಕು ಅಂತಲೇ ನಂಬಿದ್ದರು. ನಳಿಗೆಯನ್ನೂ ಹೊರಗಿನಿಂದ ಕೊಂಡದ್ದು ಉಂಟು. ಅದರ ತಳದಲ್ಲಿ ಒತ್ತಿದ ಗುರುತು ನಳಿಗೆ ಮಾಡಿದವನದ್ದಾಗಿರಬಹುದು. 1820ರ ನಂತರ ಚಕಮಕಿ ಕಲ್ಲು ಹೋಗಿ, ಕುದುರೆ ಬಡಿದರೆ ಸಿಡಿಯುವ ಪುಟ್ಟ ಕ್ಯಾಪ್ ಬಂತು. ಹಳೆ ಬಂದೂಕುಗಳನ್ನೂ ಜನ ಕ್ಯಾಪಿಗೆ ಬದಲಿಸಿಕೊಂಡರು. ಆಗ ಲಾಕ್ ಪೂರ್ತಿ ಬದಲಾಗಿರಲೂಬಹುದು.

ಹಾಗಾದರೆ ಆ ಮನುಷ್ಯ ತಾನೇ ಕೂತು ಮಾಡಿದ್ದು ಯಾವುದು? ಮರದ ಆಕಾರ, ಮರದ ಕೆತ್ತನೆ, ಹಿತ್ತಾಳೆ ಕತ್ತರಿಸಿದ ಬಗೆ, ಅದರ ಮೇಲೆ ಉಳಿ ಆಡಿಸಿದ ಬಗೆ. ನನ್ನ ಉಸ್ತಾದರು ಹಳೆ ಹುಕ್ಕಾ ಬುರುಡೆ ಕೈಗೆ ಬಂದರೆ ತಿರುಗಿಸಿ ಹೆಸರು ಹುಡುಕುತ್ತಿರಲಿಲ್ಲ. ಬಿದ್ರಿಯಲ್ಲಿ ಹೆಸರು ಹಾಕುವವರೇ ಕಮ್ಮಿ. ಹೂವಿನ ಎಸಳು ಎಲ್ಲಿ ತಿರುಗುತ್ತದೆ ಅನ್ನುವಲ್ಲಿ ಹೆಬ್ಬೆರಳು ಆಡಿಸಿ "ಇದು ಯಾರ ಕೈ?" ಅಂತ ನಮ್ಮನ್ನೇ ಕೇಳುತ್ತಿದ್ದರು. ಬಂದೂಕಿಗೂ ಅದೇ ಪ್ರಶ್ನೆ ಕೇಳಬೇಕು.

ದೂರದಿಂದ ಶುರು ಮಾಡಿ. ಇಡೀ ಬಂದೂಕನ್ನು ಪಕ್ಕದಿಂದ ನೋಡಿ, ಭುಜಕ್ಕೆ ಒತ್ತುವ ಹಿಂಭಾಗದ ಮೇಲಿನ ಗೆರೆ ಹೇಗಿದೆ ಅಂತ ಗಮನಿಸಿ. ಪೆನ್ಸಿಲ್ವೇನಿಯಾದಲ್ಲೇ ಲ್ಯಾಂಕ್ಯಾಸ್ಟರ್ ಸೀಮೆಯವರದ್ದು ನೇರ, ಸ್ಕೇಲ್ ಇಟ್ಟು ಎಳೆದ ಹಾಗೆ. ಬರ್ಕ್ಸ್ ಮತ್ತು ಲೀಹೈ ಸೀಮೆಯವರದ್ದು ಗಿಳಿಮೂಗಿನ ಹಾಗೆ ಬಾಗಿ ಇಳಿಯುತ್ತದೆ, ಲೀಹೈಯಲ್ಲಂತೂ ಆ ಬಾಗು ಎದ್ದು ಕಾಣುತ್ತದೆ. ಬೆಡ್‌ಫರ್ಡ್ ಸೀಮೆಯದ್ದು ಎಲ್ಲದಕ್ಕಿಂತ ತೆಳ್ಳಗೆ, ಲಾಕೂ ಉದ್ದ ತೆಳು. ಟೆನೆಸಿಯ ಗುಡ್ಡಗಾಡಿನದ್ದರಲ್ಲಿ ಹಿತ್ತಾಳೆ ಬದಲು ಕಬ್ಬಿಣ, ಅಲಂಕಾರ ಬಹಳ ಕಮ್ಮಿ, ಹೆಸರೂ ಸಾಮಾನ್ಯವಾಗಿ ಇರುವುದಿಲ್ಲ. ಭುಜಕ್ಕೆ ಒತ್ತುವ ತಗಡು ಅಗಲವಾಗಿ, ಹೆಚ್ಚು ಬಾಗದೆ ಇದ್ದರೆ ಹಳೆಯದು. ತೆಳ್ಳಗೆ, ಅರ್ಧಚಂದ್ರದ ಹಾಗೆ ಒಳಗೆ ಬಾಗಿದ್ದರೆ ನಂತರದ್ದು. ಇಷ್ಟರಿಂದ ಸೀಮೆಯೂ ಸುಮಾರು ಕಾಲವೂ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ.

ಸೀಮೆ ಸಿಕ್ಕಿತು ಅಂತ ಪೂರ್ತಿ ನಂಬಲೂ ಬಾರದು. ಕಸುಬುದಾರ ಊರು ಬಿಟ್ಟರೆ ಕೈ ಜೊತೆಗೇ ಹೋಗುತ್ತದೆ. ಬಿದ್ರಿ ಬೀದರಿನಿಂದ ಹೈದರಾಬಾದಿಗೆ, ಲಕ್ನೋಗೆ, ಬಿಹಾರದ ಪೂರ್ಣಿಯಾದವರೆಗೆ ಹೋಯಿತು ಅಲ್ವಾ, ಹಾಗೇ ಪೆನ್ಸಿಲ್ವೇನಿಯಾದಿಂದ ವರ್ಜೀನಿಯಾದ ಶೆನಾಂಡೋ ಕಣಿವೆ ದಾಟಿ ಉತ್ತರ ಕ್ಯಾರೊಲೈನಾದ ಸೇಲಂವರೆಗೆ ಗಾಡಿ ದಾರಿ ಇತ್ತು. ಆ ದಾರಿಯುದ್ದಕ್ಕೂ ಬಂದೂಕು ಮಾಡುವವರು ನೆಲೆ ನಿಂತರು. ಲ್ಯಾಂಕ್ಯಾಸ್ಟರ್ ಪಾಠ ಕಲಿತವನು ದಕ್ಷಿಣದಲ್ಲಿ ಕೂತು ಮಾಡಿದರೆ ಬಂದೂಕು ಎರಡೂ ಕಡೆಯ ಗುರುತು ಹೊತ್ತಿರುತ್ತದೆ.

ಆಮೇಲೆ ಹತ್ತಿರ ಬನ್ನಿ. ಬಲಗಡೆ ಹಿಂಭಾಗದಲ್ಲಿ ಮುಚ್ಚಳದ ಪುಟ್ಟ ಡಬ್ಬಿ ಇರುತ್ತದೆ, ಪ್ಯಾಚ್‌ಬಾಕ್ಸ್ ಅಂತಾರೆ. ಗುಂಡಿಗೆ ಸುತ್ತುವ ಜಿಡ್ಡು ಹಚ್ಚಿದ ಬಟ್ಟೆ ತುಂಡು ಇಡುವ ಜಾಗ ಅದು. ಮೊದಮೊದಲು ಸರಿಸುವ ಮರದ ಮುಚ್ಚಳ ಇತ್ತು, ಆಮೇಲೆ ಹಿತ್ತಾಳೆ ಬಂತು. ಮುಚ್ಚಳದ ಮುಂದಿರುವ ತಲೆಪಟ್ಟಿ, ಅಕ್ಕಪಕ್ಕದ ಪಟ್ಟಿ, ಇದನ್ನೆಲ್ಲ ತಗಡಿನಿಂದ ಗರಗಸದಲ್ಲಿ ಕತ್ತರಿಸುತ್ತಿದ್ದರು. ಒಬ್ಬೊಬ್ಬ ಕೆಲಸಗಾರನ ಹತ್ತಿರ ಅವನದೇ ಮಾದರಿ. ಡೇಸಿ ಹೂವಿನ ತಲೆ ಇದ್ದರೆ ಲ್ಯಾಂಕ್ಯಾಸ್ಟರ್ ಕಡೆಗೆ ನೋಡಿ. ಲೀಹೈಯವರು ಗೆರೆಗಳಲ್ಲೇ ಮನುಷ್ಯನ ಮುಖ ಬರೆದದ್ದು ಪ್ರಸಿದ್ಧ. ಈ ಪಟ್ಟಿಯನ್ನು ತೆಳು ಕಾಗದದ ಮೇಲೆ ಬರೆದುಕೊಂಡು, ಹೆಸರು ಖಾತ್ರಿ ಇರುವ ಬಂದೂಕಿನ ಪಟ್ಟಿಯ ಮೇಲೆ ಇಟ್ಟು ಹೋಲಿಸಿ. ಒಂದೇ ಮಾದರಿ ಇಟ್ಟು ಕತ್ತರಿಸಿದ ಎರಡು ಪಟ್ಟಿಗಳ ಒಳಬಾಗು ಬೇಗ ಹೊಂದುತ್ತದೆ. ಬರೀ ನೆನಪಿನಿಂದ ನಕಲು ಮಾಡಿದ್ದು ಎಲ್ಲೋ ಒಂದು ಕಡೆ ತಪ್ಪುತ್ತದೆ.

ಬೆಳ್ಳಿ ನಕ್ಷತ್ರ ಎಲ್ಲರ ಕಣ್ಣನ್ನೂ ಮೊದಲು ಸೆಳೆಯುತ್ತದೆ, ನನ್ನದನ್ನೂ ಸೆಳೆಯಿತು. ಆದರೆ ಕೆನ್ನೆ ತಾಗುವ ಜಾಗದಲ್ಲಿ ಎಂಟು ಮೂಲೆಯ ನಕ್ಷತ್ರ ಕೂರಿಸದ ಸೀಮೆ ಕಮ್ಮಿ. ಅದರ ಆಕಾರದಿಂದ ಯಾರು ಅಂತ ಹೇಳಲು ಆಗುವುದಿಲ್ಲ. ಅದರ ಮೇಲಿನ ಗೆರೆ ಹೇಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇದು ನನ್ನ ಕಸುಬಿನ ಜಾಗ. ಕೋಣೆ ಕತ್ತಲು ಮಾಡಿ, ಒಂದೇ ಟಾರ್ಚನ್ನು ಪಕ್ಕದಿಂದ, ಕೆತ್ತನೆಯ ಮೈ ಮಟ್ಟಕ್ಕೆ ಹಿಡಿದು ಫೋಟೋ ತೆಗೆಯಿರಿ. ಮೇಲಿನಿಂದ ಬೆಳಕು ಬಿದ್ದರೆ ಗೆರೆ ಸತ್ತುಹೋಗುತ್ತದೆ. ಪಕ್ಕದ ಬೆಳಕಿನಲ್ಲಿ ಪ್ರತಿ ಗೆರೆಯೂ ನೇಗಿಲು ಹೊಡೆದ ಸಾಲಿನ ಹಾಗೆ ಕಾಣುತ್ತದೆ. ಉಳಿ ಎಲ್ಲಿ ಇಳಿಯಿತು, ಎಲ್ಲಿ ಎದ್ದಿತು ನೋಡಿ. ಕೆಲವರು ಆಳವಾಗಿ ಇಳಿಸಿ, ಕೊನೆಯಲ್ಲಿ ಕೂದಲಿನಷ್ಟು ತೆಳುವಾಗಿ ಎತ್ತುತ್ತಾರೆ. ಕೆಲವರು ಕೊನೆಯಲ್ಲೂ ಗಟ್ಟಿಯಾಗಿ ನಿಲ್ಲಿಸುತ್ತಾರೆ, ಅಲ್ಲಿ ಚೌಕದ ಗುರುತು ಉಳಿಯುತ್ತದೆ. ಅಂಚಿನಲ್ಲಿ ಅಂಕುಡೊಂಕು ಗೆರೆ ಇದ್ದರೆ, ಅದು ಉಳಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಾ ಮುಂದೆ ತಳ್ಳಿದ್ದು. ಒಂದು ಇಂಚಿನಲ್ಲಿ ಎಷ್ಟು ಅಂಕು ಇದೆ ಅಂತ ಎಣಿಸಿ. ನಾನು ಕೆತ್ತುವಾಗ ಎಡಕ್ಕೆ ತಿರುಗುವ ಬಾಗು ಯಾವಾಗಲೂ ಬಲದ್ದಕ್ಕಿಂತ ಸ್ವಲ್ಪ ಅಗಲ ಬರುತ್ತದೆ. ನನ್ನ ಓರಗೆಯವರು ಅದನ್ನು ನೋಡಿಯೇ ನನ್ನ ಸಾಮಾನು ಗುರುತಿಸುತ್ತಾರೆ. ಮಾದರಿಯನ್ನು ಕದಿಯಬಹುದು, ಈ ಅಭ್ಯಾಸವನ್ನು ಕದಿಯುವುದು ಕಷ್ಟ.

ಬೆಳ್ಳಿ ತಂತಿಯ ಕೆಲಸ ಇದ್ದರೆ ಅದನ್ನೂ ನೋಡಿ. ನಾವು ಲೋಹದಲ್ಲಿ ಕಾಲುವೆ ಕೆತ್ತಿ ತಂತಿ ಇಟ್ಟು ಬಡಿಯುತ್ತೇವೆ. ಅವರು ಮರದಲ್ಲಿ ತೆಳು ಉಳಿಯಿಂದ ಸೀಳು ಕೊಟ್ಟು, ಬೆಳ್ಳಿಯ ತೆಳು ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಒಳಗೆ ಇಳಿಸುತ್ತಿದ್ದರು. ಆಮೇಲೆ ನೀರು ಸವರಿದರೆ ಮರ ಉಬ್ಬಿ ಬೆಳ್ಳಿಯನ್ನು ಹಿಡಿದುಕೊಳ್ಳುತ್ತದೆ. ಮೊದಲ ಸಲ ಇದನ್ನು ತಿಳಿದಾಗ ನನಗೆ ಬಹಳ ಖುಷಿಯಾಯಿತು. ಬೆಂಕಿ ಇಲ್ಲ, ಅಂಟು ಇಲ್ಲ. ಸೀಳು ಕೊಟ್ಟ ಉಳಿಯ ಅಗಲ ಬಾಗಿನಲ್ಲಿ ಮುರಿಮುರಿಯಾಗಿ ಕಾಣುತ್ತದೆ, ಅದೂ ಒಂದು ಕೈ ಗುರುತು.

ಈಗ ಹೆಸರಿಗೆ ಬನ್ನಿ. ಸಾಮಾನ್ಯವಾಗಿ ನಳಿಗೆಯ ಮೇಲ್ಮುಖದಲ್ಲಿ, ಗುರಿ ನೋಡುವ ಹಿಂದಿನ ಕಂಡಿ ಮತ್ತು ನಳಿಗೆಯ ಬುಡದ ನಡುವೆ ಇರುತ್ತದೆ. ಕೂಡಿಸಿ ಬರೆದ ಅಕ್ಷರದಲ್ಲಿ ಇರಬಹುದು, ಬಿಡಿ ಅಕ್ಷರದಲ್ಲಿ ಇರಬಹುದು, ಬರೀ ಎರಡು ಇನಿಷಿಯಲ್ ಇರಬಹುದು. ಕೆಲವು ಸಲ ಬೆಳ್ಳಿ ತಗಡು ಕೂರಿಸಿ ಅದರ ಮೇಲೆ ಬರೆದಿರುತ್ತಾರೆ. ಆ ಕಾಲದಲ್ಲಿ 'ಜೆ' ಬದಲು 'ಐ' ಬರೆಯುವ ರೂಢಿ ಇತ್ತು, ಅದು ನೆನಪಿರಲಿ. ಜರ್ಮನ್ ಹೆಸರನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದರು. ಡಿಕರ್ಟ್ ಹೋಗಿ ಡೆಕಾರ್ಡ್ ಆಯಿತು, ಶ್ರೇಯರ್ ಹೋಗಿ ಶ್ರಾಯರ್ ಆಯಿತು. ಅದಕ್ಕೇ ತೆರಿಗೆ ಪಟ್ಟಿ, ಮರಣಪತ್ರ, ಚರ್ಚಿನ ದಾಖಲೆ ಹುಡುಕುವಾಗ ಎಲ್ಲ ಉಚ್ಚಾರಣೆಯಲ್ಲೂ ಹುಡುಕಬೇಕು. ಆ ದಾಖಲೆಗಳಿಂದ ಒಬ್ಬ ಯಾವ ವರ್ಷದಿಂದ ಯಾವ ವರ್ಷದವರೆಗೆ ಎಲ್ಲಿದ್ದ ಅಂತ ತಿಳಿಯುತ್ತದೆ. ಲ್ಯಾಂಕ್ಯಾಸ್ಟರಿನ ಮೆಲ್ಕಿಯರ್ ಫೋರ್ಡ್ನಿಯನ್ನು 1846ರಲ್ಲಿ ಕೊಲೆ ಮಾಡಿದರು. ಅದರ ನಂತರದ ಇಸವಿ ಇರುವ ಬಂದೂಕಿಗೆ ಅವನ ಹೆಸರು ಹೇಳಲು ಬರುವುದಿಲ್ಲ. ಒಂದೇ ಹೆಸರಿನ ಕೆಳಗೆ ಮಗ, ಶಿಷ್ಯ, ಸಂಬಳದವರು ಕೆಲಸ ಮಾಡಿರುತ್ತಾರೆ ಅನ್ನುವುದನ್ನೂ ಮರೆಯಬೇಡಿ. ನಮ್ಮ ಕಾರ್ಖಾನೆಗಳೂ ಹಾಗೇ ಇವೆ.

ಇನ್ನು ನನ್ನ ತಪ್ಪು. ಆ ಮೊದಲ ಬಂದೂಕಿನ ನಳಿಗೆಯ ಮೇಲೆ 'ಜೆ. ಡಿಕರ್ಟ್' ಅಂತ ಇತ್ತು. ಜೇಕಬ್ ಡಿಕರ್ಟ್ 1740ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಲ್ಯಾಂಕ್ಯಾಸ್ಟರಿನಲ್ಲಿ ಕೆಲಸ ಮಾಡಿ 1822ರಲ್ಲಿ ತೀರಿಕೊಂಡವನು. ದೊಡ್ಡ ಹೆಸರು. ನಾನು ಎರಡು ವಾರ ಓದಿ, ನಕ್ಷತ್ರ ನೋಡಿ, ಹೆಸರು ನೋಡಿ, "ಹೌದು, ಡಿಕರ್ಟನದೇ" ಅಂದುಬಿಟ್ಟೆ. ಆ ಹಿರಿಯರು ಬಹಳ ಸಂತೋಷಪಟ್ಟರಂತೆ, ಮಗಳಿಗೆ ಫೋನ್ ಮಾಡಿ ಹೇಳಿದರಂತೆ.

ಆರು ತಿಂಗಳು ಕಳೆದ ಮೇಲೆ ಹಳೆ ಪಾನದಾನ್ ಒಂದು ರಿಪೇರಿಗೆ ಬಂತು. ಉದುರಿದ ಬೆಳ್ಳಿಯನ್ನು ಮತ್ತೆ ಕೂರಿಸಲು ಹೊಸ ಕಾಲುವೆ ತೆಗೆಯುತ್ತಿದ್ದೆ. ಹಳೆ ಕಾಲುವೆಯ ಅಂಚು ಸವೆದು ದುಂಡಗಾಗಿತ್ತು, ನನ್ನದು ಬ್ಲೇಡಿನ ಹಾಗೆ ಚೂಪಾಗಿತ್ತು. ಉಳಿ ಕೆಳಗಿಟ್ಟು ಆ ಬಂದೂಕಿನ ಫೋಟೋ ತೆಗೆದು ನೋಡಿದೆ. ಎದೆ ಧಸಕ್ಕೆಂದಿತು. "ತಮ್ಮಾ, ಆ ಹೆಸರಿನ ಮೇಲೆ ಪಕ್ಕದಿಂದ ಬೆಳಕು ಹಿಡಿದು ಇನ್ನೊಂದು ಫೋಟೋ ತೆಗಿ" ಅಂದೆ.

ಆ ಫೋಟೋದಲ್ಲಿ ಎಲ್ಲ ಗೊತ್ತಾಯಿತು. ನಳಿಗೆಯ ಮೇಲೆ ತುಕ್ಕು ತಿಂದ ಸಣ್ಣ ಕುಳಿಗಳಿದ್ದವು. ಹೆಸರು ಮೊದಲು ಕೆತ್ತಿ, ತುಕ್ಕು ಆಮೇಲೆ ಹಿಡಿದಿದ್ದರೆ ಕುಳಿಗಳು ಅಕ್ಷರದ ಅಂಚನ್ನೂ ತಿಂದಿರಬೇಕು. ಇಲ್ಲಿ 'ಡಿ' ಅಕ್ಷರದ ಬೆನ್ನು ಒಂದು ಕುಳಿಯೊಳಗೆ ಇಳಿದು, ಅದರ ತಳದಲ್ಲೂ ಗೆರೆ ಎಳೆದು, ಆಚೆ ದಡ ಹತ್ತಿತ್ತು. ಅಂಚು ಎಲ್ಲೂ ಮುರಿದಿರಲಿಲ್ಲ. ಅಂದರೆ ತುಕ್ಕು ಮೊದಲು, ಹೆಸರು ಆಮೇಲೆ. ಮಾರುವ ಮುಂಚೆ ಯಾರೋ ಕೆತ್ತಿದ್ದು. ಮತ್ತೆ ದೂರದಿಂದ ನೋಡಿದೆ. ಹಿಂಭಾಗದ ಗೆರೆ ನೇರ ಇರಲಿಲ್ಲ, ಬಾಗಿತ್ತು. ಅದು ಲ್ಯಾಂಕ್ಯಾಸ್ಟರಿನದ್ದೇ ಅಲ್ಲ. ಮೊದಲ ದಿನವೇ ಇದು ನನ್ನ ಕಣ್ಣ ಮುಂದೆ ಇತ್ತು. ಹೆಸರು ಓದಿದ ಮೇಲೆ ನಾನು ಗೆರೆ ನೋಡುವುದನ್ನು ಬಿಟ್ಟಿದ್ದೆ.

ಹೆಸರಿಗೂ ಮರಕ್ಕೂ ಹೊಂದದಿದ್ದರೆ ಮೋಸ ಒಂದೇ ಕಾರಣ ಅಲ್ಲ. ಒಳ್ಳೆ ನಳಿಗೆಯನ್ನು ಉಳಿಸಿಕೊಂಡು ಬೇರೆ ಊರಿನವನ ಹತ್ತಿರ ಹೊಸ ಹಿಡಿ ಮಾಡಿಸಿದ್ದೂ ಉಂಟು. ಬುಡ ಸವೆದಾಗ ನಳಿಗೆಯನ್ನು ಹಿಂದಿನಿಂದ ಕತ್ತರಿಸಿದ್ದರೆ ಹೆಸರು ಅಸಹಜವಾಗಿ ಹಿಂದಕ್ಕೆ ಬಂದಿರುತ್ತದೆ. ಹಿಡಿ ಬದಲಿಸಿದ ಬಂದೂಕಿಗೆ ಇಬ್ಬರು ಕಸುಬುದಾರರ ಕೈ ಇರುತ್ತದೆ, ಎರಡನ್ನೂ ಹೇಳಬೇಕು. ಆದರೆ ಕುಳಿಯ ತಳದಲ್ಲಿ ಗೆರೆ ಇದ್ದರೆ ಆ ಗೆರೆ ತುಕ್ಕಿನ ನಂತರದ್ದೇ.

ಇದರ ಉಲ್ಟಾ ಕೂಡ ಆಗುತ್ತದೆ. ಕ್ರಿಶ್ಚಿಯನ್ ಅರ್ಟರ್ ಅನ್ನುವವನು ಪೆನ್ಸಿಲ್ವೇನಿಯಾದ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಅನ್ನುವ, ಮೊರೇವಿಯನ್ ಎಂಬ ಕ್ರೈಸ್ತ ಪಂಗಡದವರ ಹಳ್ಳಿಯಲ್ಲಿ ಕೆಲಸ ಮಾಡಿ 1777ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡ. ತನ್ನ ಹೆಸರು, ಊರು, 1775 ಅಂತ ಇಸವಿ ಎಲ್ಲ ಕೆತ್ತಿದ ಅವನ ಒಂದು ಬಂದೂಕು ಅದೇ ರಾಜ್ಯದ ವ್ಯಾಲಿ ಫೋರ್ಜ್‌ನ ಪ್ರದರ್ಶನದಿಂದ 1971ರಲ್ಲಿ ಕಳುವಾಯಿತು. 2018ರಲ್ಲಿ ಪತ್ತೆಯಾಯಿತು. ಅದನ್ನು ಒಂದು ಕೊಟ್ಟಿಗೆಯ ಸಾಮಾನಿನ ನಡುವೆ ಕೊಂಡ ವ್ಯಾಪಾರಿ ಮೊದಲು ಹೊಸ ಕಾಲದ ನಕಲು ಅಂತಲೇ ತಿಳಿದಿದ್ದರು. ಹೆಸರು ಪೂರ್ತಿ ಇದ್ದರೂ ನಂಬಿಕೆ ಬರಲಿಲ್ಲ. ಹತ್ತಿರದಿಂದ ನೋಡಿದ ಮೇಲೆಯೇ ನಿಜ ಗೊತ್ತಾದದ್ದು.

ನೀವು ಬರೆದಿಡುವಾಗ ಮೂರು ಮಾತನ್ನು ಬೇರೆ ಬೇರೆ ಬರೆಯಿರಿ: "ಇಂಥವನು ಮಾಡಿದ್ದು", "ಇಂಥವನ ಕೈ ಇರಬಹುದು", "ಇಂಥ ಸೀಮೆಯದ್ದು". ಮೊದಲನೆಯದನ್ನು ಹೇಳಲು ಆಕಾರ, ಪಟ್ಟಿಯ ಮಾದರಿ, ಉಳಿಯ ಅಭ್ಯಾಸ, ಹೆಸರು, ದಾಖಲೆ ಎಲ್ಲವೂ ಒಂದೇ ಕಡೆ ಬೊಟ್ಟು ಮಾಡಬೇಕು. ಒಂದು ಬೇರೆ ಕಡೆ ತೋರಿಸಿದರೂ ಎರಡನೆಯ ಮಾತಿಗೆ ಇಳಿಯಿರಿ. ಸುಮ್ನೆ ಎದುರಿನವರಿಗೆ ಖುಷಿಯಾಗಲಿ ಅಂತ ಮೇಲಿನ ಮಾತು ಹೇಳಬೇಡಿ.

ಆ ಹಿರಿಯರಿಗೆ ನಾನೇ ವಿಡಿಯೋ ಕಾಲ್‌ನಲ್ಲಿ ಹೇಳಿದೆ, ತಂಗಿ ಮಗ ಇಂಗ್ಲಿಷಿಗೆ ತಿರುಗಿಸಿದ. ಕುಳಿಯ ತಳದ ಗೆರೆ ತೋರಿಸಿ, ತಪ್ಪು ಹೇಳಿದ್ದಕ್ಕೆ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಬಂದೂಕು ತಂದು ನಕ್ಷತ್ರದ ಹತ್ತಿರ ಕ್ಯಾಮೆರಾ ಹಿಡಿದು, ಹಾಗಾದರೆ ಇದನ್ನು ಕೆತ್ತಿದವನು ಎಂಥವನು ಅಂತ ಕೇಳಿದರು. ನನಗೆ ಕಂಡದ್ದನ್ನು ಹೇಳಿದೆ: ಬರ್ಕ್ಸ್ ಅಥವಾ ಲೀಹೈ ಕಡೆಯವನು, ಗೆರೆಯ ಕೊನೆಯಲ್ಲಿ ಉಳಿಯನ್ನು ಮೆಲ್ಲಗೆ ಎತ್ತುವವನು, ನಕ್ಷತ್ರದ ಏಳನೆಯ ಮೂಲೆಯಲ್ಲಿ ಉಳಿ ಜಾರಿದಾಗ ಆ ಜಾರಿದ ಗೆರೆಯನ್ನೇ ಒಂದು ಎಲೆಯಾಗಿ ತಿರುಗಿಸಿದವನು. ಅವರು ಕನ್ನಡಕ ಹಾಕಿಕೊಂಡು ಆ ಎಲೆಯನ್ನು ಹುಡುಕತೊಡಗಿದರು.